ಪದಕ್ಕೆ ಉತಾರ ಇರುವುದಿಲ್ಲ

ಹೋದ ನವೆಂಬರಿನಲ್ಲಿ ಬಬಲೇಶ್ವರದಲ್ಲಿ ನಡೆದ ಒಂದು ರಾಜ್ಯೋತ್ಸವ ಕಾರ್ಯಕ್ರಮಕ್ಕೆ ಹೋಗಿದ್ದೆ. ಭಾಷಣಕ್ಕಲ್ಲ, ಕೇಳುವುದಕ್ಕೆ. ಪ್ಲಾಸ್ಟಿಕ್ ಕುರ್ಚಿಗಳ ನಾಲ್ಕನೆಯ ಸಾಲಿನಲ್ಲಿ ಕೂತಿದ್ದೆ. ಮಾತಾಡಿದ ತರುಣ ಅಧ್ಯಾಪಕರಿಗೆ ಒಳ್ಳೆಯ ದನಿಯಿತ್ತು, ಓದೂ ಇತ್ತು. ಜಿಲ್ಲೆಯ ಇತಿಹಾಸ ಹೇಳುತ್ತ ವಿಜಯಪುರದ ನೆಲದಡಿಯ ನೀರಿನ ಕಾಲುವೆಗಳಿಗೆ ಬಂದರು. “ಇವನ್ನ ಹೊರಗಿನಿಂದ ಬಂದವರು ಕಲಿಸಿಕೊಟ್ರು ಅಂತ ಪುಸ್ತಕದಾಗ ಬರದಾರ. ಆದ್ರ ಶಬ್ದಗಳು ಬ್ಯಾರೆ ಸಾಕ್ಷಿ ಹೇಳ್ತಾವ. ಕರೇಜ್ ಅನ್ನೂದು ನಮ್ಮ ಕೆರೆಯಿಂದ ಬಂದದ್ದು. ಸುರಂಗ ಅಂದ್ರ ಸು-ರಂಗ, ಚಂದನ್ನ ರಂಗ. ಶಬ್ದ ನಮ್ಮದು ಅಂದಮ್ಯಾಲ ಕಾಲುವೆನೂ ನಮ್ಮದs ಅಲ್ಲೇನ್ರಿ?” ಎಂದರು. ಚಪ್ಪಾಳೆ ಬಿತ್ತು. ಆಮೇಲೆ, ಈ ವಿಚಾರ ತಮ್ಮದಲ್ಲವೆಂದೂ ಒಂದು ಹಳೆಯ ಸ್ಮರಣ ಸಂಚಿಕೆಯಲ್ಲಿ ಓದಿದ್ದೆಂದೂ ಹೇಳಿ ಲೇಖಕರ ಹೆಸರನ್ನು ಗೌರವದಿಂದ ತೆಗೆದುಕೊಂಡರು. ಅದು ನನ್ನ ಹೆಸರು.

ಹದಿನೆಂಟು ವರ್ಷಗಳ ಹಿಂದೆ ನಾನು ಹಾಗೆ ಬರೆದದ್ದು ನಿಜ. ಆಗ ಅದಕ್ಕೆ ಆಧಾರವಾಗಿದ್ದದ್ದು ಕಿವಿ ಮಾತ್ರ. ಕರೇಜ್, ಕೆರೆ, ಸುರಂಗ, ರಂಗ. ಕಿವಿಗೆ ಹತ್ತಿರ ಕೇಳಿದವು, ಕೈ ಬರೆಯಿತು. ಯಾವ ನಿಘಂಟನ್ನೂ ತೆರೆದಿರಲಿಲ್ಲ. ಯಾರನ್ನಾದರೂ ಹೊರಗಿಡಬೇಕೆಂಬ ಉದ್ದೇಶವಂತೂ ಇರಲಿಲ್ಲ. ಊರಿನ ಮೇಲಿನ ಪ್ರೀತಿಗೆ ಒಂದು ಚಂದದ ವಾಕ್ಯ ಬೇಕಾಗಿತ್ತು, ಅಷ್ಟೆ. ಆ ವಾಕ್ಯ ಈಗ ಬೇರೆಯವರ ಬಾಯಲ್ಲಿ ಒಂದು ದಾವೆಯ ಕಾಗದವಾಗಿತ್ತು. ನಮ್ಮ ಕಡೆ ಹೊಲ ಯಾರದು ಎಂದು ಜಗಳವಾದರೆ ತಲಾಟಿ ಕಚೇರಿಯಿಂದ ಉತಾರ ತೆಗೆಸುತ್ತಾರೆ. ನಾನು ಬರೆದಿದ್ದು ಪದಗಳ ಖೊಟ್ಟಿ ಉತಾರ. ಈ ಲೇಖನ ಅದನ್ನು ರದ್ದು ಮಾಡುವ ಪ್ರಯತ್ನ. ಜೊತೆಗೆ ಒಂದು ವಿಮರ್ಶೆಯ ಪ್ರಶ್ನೆಯೂ ಇದೆ: ಕನ್ನಡದಲ್ಲಿ ಪದಮೂಲ ಹಿಡಿದು ಸಂಸ್ಕೃತಿಯನ್ನು ಓದುವ ಒಂದು ದೊಡ್ಡ ಪರಂಪರೆ ಇದೆ. ಅದರಲ್ಲಿ ಕವಿಗೆ ಸಲ್ಲುವುದು ಯಾವುದು, ವಿಮರ್ಶಕನಿಗೆ ಸಲ್ಲದ್ದು ಯಾವುದು?

ಕಾರ್ಯಕ್ರಮ ಮುಗಿಸಿ ಮರುದಿನ ತಿಕೋಟಾಕ್ಕೆ ಹೋದೆ. ಅಲ್ಲಿ ನಮ್ಮ ಸೋದರಮಾವನ ದ್ರಾಕ್ಷಿ ತೋಟವಿದೆ. ಎಪ್ಪತ್ತೈದು ದಾಟಿದ ಮನುಷ್ಯ. ತೋಟದ ಬಾವಿಕಟ್ಟೆಯ ಮೇಲೆ ಕೂತು ಸುಮ್ಮನೆ ಕೇಳಿದೆ.

“ಮಾಮಾ, ಸುರಂಗ ಅಂದ್ರ ಏನ್ರಿ?”

“ಸುರಂಗ ಅಂದ್ರ ಮದ್ದು. ಕಲ್ಲಿಗೆ ತೂತು ಹೊಡದು, ಮದ್ದು ಜಡದು, ಬತ್ತಿ ಹಚ್ಚಿ ಓಡೂದು. ಎಪ್ಪತ್ತೆರಡರ ಬರದಾಗ ಈ ಬಾವ್ಯಾಗ ಎಷ್ಟ ಸುರಂಗ ಹಾರಿಸೇವಿ, ಲೆಕ್ಕ ಇಲ್ಲ.”

“ಮತ್ತ ತೊರವಿ ಕಡೀದು ಸುರಂಗ ಬಾವಡಿ?”

“ಅದು ಬ್ಯಾರೆ ತಮ್ಮಾ. ಅದು ನೀರು ಬರೂ ಸುರಂಗ. ಇದು ಕಲ್ಲು ಒಡಿಯೂ ಸುರಂಗ. ಎರಡೂ ಒಂದs ಅಂತ ನಿನಗ ಯಾರ ಹೇಳ್ಯಾರ?”

ಅವರ ಕಿವಿಗೆ ಅವು ಎರಡು ಪದ. ನನ್ನ ಕಿವಿಗೆ ಹದಿನೆಂಟು ವರ್ಷಗಳ ಹಿಂದೆ ‘ಸುರಂಗ’ ಮತ್ತು ‘ಸು-ರಂಗ’ ಒಂದೇ ಪದ. ಇಬ್ಬರೂ ತಪ್ಪಿದ್ದೆವು, ಅದೂ ಎದುರುಬದುರು ದಿಕ್ಕಿನಲ್ಲಿ. ಮಾವ ಬೇರೆ ಮಾಡಿದ್ದು ಒಂದೇ ಬೇರಿನದು. ನಾನು ಒಂದುಮಾಡಿದ್ದು ಎರಡು ಬೇರಿನದು.

ಬಾವಿ ತೋಡುವಾಗ ಸಿಡಿಸುವ ಮದ್ದಿಗೆ ಮರಾಠಿಯಲ್ಲೂ ‘ಸುರುಂಗ’ ಎನ್ನುತ್ತಾರೆ. ಗಡಿಯ ಈ ಕಡೆಗೂ ಆ ಬಳಕೆ ಇದೆ. ಕಲ್ಲಿನಲ್ಲಿ ಕೊರೆದ ತೂತು ಮೊದಲು ಸುರಂಗ. ಆಮೇಲೆ ಆ ತೂತಿನಲ್ಲಿ ತುಂಬಿದ್ದೂ ಸುರಂಗ. ಕೊನೆಗೆ ಆ ಸಿಡಿತವೇ ಸುರಂಗ. ಪದ ಪಾತ್ರೆಯಿಂದ ಪದಾರ್ಥಕ್ಕೆ ಸರಿಯುವುದು ಭಾಷೆಯಲ್ಲಿ ದಿನವೂ ನಡೆಯುವ ಕೆಲಸ. ‘ಒಂದು ತಾಟು ತಿಂದೆ’ ಎಂದರೆ ಯಾರೂ ಸ್ಟೀಲು ತಿಂದನೆಂದು ತಿಳಿಯುವುದಿಲ್ಲ. ಹಾಗಾಗಿ ಮಾವನ ಎರಡು ಸುರಂಗಗಳು ಅಣ್ಣತಮ್ಮಂದಿರು. ಅವರ ತಾಯಿ ಎಲ್ಲಿಯವಳು ಎಂಬುದು ಮುಂದಿನ ಪ್ರಶ್ನೆ.

ಹೆಚ್ಚಿನ ಭಾಷಾವಿದ್ವಾಂಸರು ಒಪ್ಪುವ ಉತ್ತರ ಗ್ರೀಸ್. ಗ್ರೀಕಿನಲ್ಲಿ ‘ಸೂರಿಂಕ್ಸ್’ ಎಂಬ ಪದವಿದೆ. ಅದರ ವಿಭಕ್ತಿರೂಪಗಳಲ್ಲಿ ‘ಸೂರಿಂಗ್-’ ಎಂಬ ಪ್ರಕೃತಿ ಕಾಣುತ್ತದೆ. ಮೊದಲ ಅರ್ಥ ಕೊಳಲು, ಕುರುಬರು ಊದುವ ಜೊಂಡಿನ ಕೊಳಲು. ಪಾನ್ ಎಂಬ ಕಾಡುದೇವತೆ ಬೆನ್ನಟ್ಟಿದಾಗ ಸೂರಿಂಕ್ಸ್ ಎಂಬ ಕನ್ಯೆ ಜೊಂಡಾದಳೆಂದೂ, ಅವನು ಆ ಜೊಂಡನ್ನು ಕೊಯ್ದು ಕೊಳಲು ಮಾಡಿಕೊಂಡನೆಂದೂ ರೋಮನ್ ಕವಿ ಓವಿಡ್ ಕಥೆ ಹೇಳುತ್ತಾನೆ. ಕೊಳಲಿನಿಂದ ಕೊಳವೆ, ಕೊಳವೆಯಂತಿರುವ ಎಲ್ಲಕ್ಕೂ ಅದೇ ಹೆಸರು. ಗಾಲಿಯ ಗುಂಬದಲ್ಲಿ ಅಚ್ಚು ಹೋಗುವ ತೂತು, ವೈದ್ಯರು ಕಂಡ ನಾಳವ್ರಣ, ಸೈನಿಕರು ಕೋಟೆಗೋಡೆಯ ಕೆಳಗೆ ತೋಡುವ ದಾರಿ, ಎಲ್ಲವೂ ಸೂರಿಂಕ್ಸ್. ಈಜಿಪ್ಟಿನ ಥೀಬ್ಸ್ ಹತ್ತಿರ ಬಂಡೆಯಲ್ಲಿ ಉದ್ದಕ್ಕೆ ಕೊರೆದ ರಾಜರ ಸಮಾಧಿಗಳನ್ನು ನೋಡಲು ಹೋದ ಗ್ರೀಕರು ಅವನ್ನೂ ಅದೇ ಹೆಸರಿನಿಂದ ಕರೆದರು.

ನೆಲದಡಿಯ ದಾರಿ ಎಂಬ ಅರ್ಥ ಹೊತ್ತುಕೊಂಡು ಈ ಪದ ಸಂಸ್ಕೃತಕ್ಕೆ ಬಂದು ‘ಸುರುಂಗಾ’ ಆಯಿತು, ಆಮೇಲೆ ‘ಸುರಂಗ’. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಬರುತ್ತದೆ. ಮಹಾಭಾರತದಲ್ಲಿ ಪಾಂಡವರು ಅರಗಿನ ಮನೆಯಿಂದ ತಪ್ಪಿಸಿಕೊಂಡ ದಾರಿಗೂ ಸಂಸ್ಕೃತದಲ್ಲಿ ಇದೇ ಹೆಸರು. ಅರ್ಥಶಾಸ್ತ್ರ ಲೋಕಕ್ಕೆ ಮತ್ತೆ ಸಿಕ್ಕಿದ್ದು ಮೈಸೂರಿನಲ್ಲಿ ಎಂಬುದು ಕನ್ನಡಿಗರಿಗೆ ಗೊತ್ತಿರುವ ವಿಷಯ. ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು. ಅದರ ಕಾಲದ ಬಗ್ಗೆ ಜಗಳ ಶುರುವಾದಾಗ ಒಟ್ಟೋ ಸ್ಟೈನ್ ಎಂಬ ವಿದ್ವಾಂಸರು 1925ರಲ್ಲಿ ಈ ಒಂದೇ ಪದವನ್ನು ಹಿಡಿದು ವಾದ ಹೂಡಿದರು. ಗ್ರೀಕಿನಲ್ಲಿ ಸೂರಿಂಕ್ಸಿಗೆ ನೆಲದಡಿಯ ದಾರಿ ಎಂಬ ಅರ್ಥ ಅಲೆಕ್ಸಾಂಡರನ ನಂತರವೇ ಕಾಣುತ್ತದೆ, ಹಾಗಿದ್ದರೆ ಆ ಪದ ಇರುವ ಗ್ರಂಥ ಚಂದ್ರಗುಪ್ತ ಮೌರ್ಯನ ಕಾಲದ್ದಾಗುವುದು ಹೇಗೆ ಎಂದು. ಒಪ್ಪದವರೂ ಇದ್ದಾರೆ, ಪದದ ಮೂಲವನ್ನು ಆಗ್ನೇಯ ಏಷ್ಯಾದ ಭಾಷೆಗಳಲ್ಲಿ ಹುಡುಕಿದವರೂ ಇದ್ದಾರೆ. ಇನ್ನೂ ಒಂದು ಮಾತು: ‘ಸೂರಿಂಕ್ಸ್’ ಗ್ರೀಕರದೇ ಎಂದು ಹೇಳುವುದೂ ಕಷ್ಟ. ಗ್ರೀಕರು ಆ ನೆಲಕ್ಕೆ ಬರುವ ಮೊದಲು ಅಲ್ಲಿದ್ದವರ ನುಡಿಯಿಂದ ಅದು ಬಂದಿರಬೇಕೆಂದು ಅದರ ರೂಪ ನೋಡಿದ ಭಾಷಾವಿಜ್ಞಾನಿಗಳು ಊಹಿಸುತ್ತಾರೆ. ಉತಾರ ತೆಗೆಸುತ್ತ ಹೋದರೆ ಕೊನೆಯ ಮಾಲೀಕ ಸಿಗುವುದೇ ಇಲ್ಲ.

ಅದೇ ಗ್ರೀಕ್ ಪದ ಲ್ಯಾಟಿನ್ ದಾಟಿ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಮ್ಮ ದವಾಖಾನೆಗಳಿಗೆ ‘ಸಿರಿಂಜ್’ ಆಗಿ ಬಂದಿತು. ಅಂದರೆ ವಿಜಯಪುರದ ಯಾವುದೇ ಔಷಧದ ಅಂಗಡಿಯಲ್ಲಿ ಸಿಗುವ ಸಿರಿಂಜ್, ತೊರವಿ ಹಾದಿಯ ಸುರಂಗ ಬಾವಡಿ, ಮಾವನ ಬಾವಿಯಲ್ಲಿ ಸಿಡಿದ ಮದ್ದು, ಮೂರೂ ಒಂದೇ ಮನೆತನ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ದಾರಿಯಿಂದ ಕನ್ನಡಕ್ಕೆ ಬಂದದ್ದರಿಂದ ಒಂದಕ್ಕೊಂದು ಗುರುತು ಸಿಗುವುದಿಲ್ಲ.

ಗುರುತು ಸಿಗದ ಬಂಧುಗಳ ಹಾಗೆಯೇ ಮುಖ ಹೋಲುವ ಅಪರಿಚಿತರೂ ಇದ್ದಾರೆ. ಸಂಸ್ಕೃತದಲ್ಲಿ ‘ಸುರಂಗ’ ಎಂಬ ಇನ್ನೊಂದು ಪದ ನಿಜಕ್ಕೂ ಇದೆ: ಸು ಎಂಬ ಉಪಸರ್ಗ, ಬಣ್ಣ ಎಂಬ ಅರ್ಥದ ರಂಗ, ಒಳ್ಳೆಯ ಬಣ್ಣದ್ದು ಎಂದು ಅರ್ಥ. ಅದಕ್ಕೂ ನೆಲದಡಿಯ ದಾರಿಗೂ ಸಂಬಂಧವಿಲ್ಲ. ‘ಸುರುಂಗಾ’ ಎಂಬ ಪರಕೀಯ ರೂಪ ‘ಸುರಂಗ’ವಾಗಿ ಸರಿದದ್ದರಲ್ಲಿ ಈ ಪರಿಚಿತ ‘ರಂಗ’ದ ಸೆಳೆತವೂ ಇದ್ದೀತು. ಗೊತ್ತಿಲ್ಲದ ಪದವನ್ನು ಗೊತ್ತಿರುವ ತುಂಡುಗಳಾಗಿ ಮುರಿದುಕೊಳ್ಳುವುದು ಎಲ್ಲ ಭಾಷೆಯವರ ಚಾಳಿ. ನಾನು ಸ್ಮರಣ ಸಂಚಿಕೆಯಲ್ಲಿ ಮಾಡಿದ್ದು ಅದನ್ನೇ, ವಿದ್ವತ್ತಿನ ಹೆಸರಿನಲ್ಲಿ.

ಇನ್ನು ಕರೇಜ್. ಇದು ಪಾರಸಿಯ ‘ಕಾರೇಜ್’. ಗುಡ್ಡದ ಬುಡದಲ್ಲಿ ಜಲದ ಪಾತಳಿ ಮುಟ್ಟುವ ತಾಯಿಬಾವಿ ತೋಡಿ, ಅಲ್ಲಿಂದ ಸಣ್ಣ ಇಳಿಜಾರಿನಲ್ಲಿ ನೆಲದೊಳಗೇ ಕಾಲುವೆ ಕೊರೆದು, ಮಣ್ಣು ಎತ್ತಲು ಮತ್ತು ಗಾಳಿಯಾಡಲು ದಾರಿಯುದ್ದಕ್ಕೂ ಬಾವಿಗಳನ್ನು ಬಿಟ್ಟು, ಯಂತ್ರವಿಲ್ಲದೆ ನೀರನ್ನು ತಗ್ಗಿನ ಊರಿಗೆ ಹರಿಸುವ ವಿದ್ಯೆ. ಇರಾನ್, ಅಫಘಾನಿಸ್ತಾನ, ಬಲೂಚಿಸ್ತಾನಗಳಲ್ಲಿ ಇದು ಹಳೆಯದು. ಚೀನಾದ ತುರ್ಫಾನದಲ್ಲಿ ಇದೇ ಹೆಸರಿನ ಕಾಲುವೆಗಳ ನೀರಿನಿಂದ ದ್ರಾಕ್ಷಿ ಬೆಳೆದು ಒಣಗಿಸುತ್ತಾರೆ. ತಿಕೋಟಾದ ರೈತರೂ ದ್ರಾಕ್ಷಿಯನ್ನು ಒಣಗಿಸಿ ಮಾರುತ್ತಾರೆ. ಅದನ್ನು ನಾವು ಬೇದಾಣೆ ಅನ್ನುವುದು ಪಾರಸಿಯ ‘ಬೇ-ದಾನಾ’ದಿಂದ, ಅಂದರೆ ಬೀಜವಿಲ್ಲದ್ದು. ಆದಿಲ್‌ಶಾಹಿಗಳ ಕಾಲದಲ್ಲಿ ಈ ವಿದ್ಯೆ ಬಿಜಾಪುರಕ್ಕೆ ಬಂತು. ತೊರವಿಯ ಕಡೆಯ ಎತ್ತರದಿಂದ ನೀರು ನೆಲದೊಳಗೆ ನಗರಕ್ಕೆ ಹರಿಯಿತು. ನಗರದಲ್ಲಿ ಕೊಳವೆಗಳ ಒತ್ತಡ ಇಳಿಸಲು ಕಟ್ಟಿದ ಗಂಜ್ ಎಂಬ ಗೋಪುರಗಳಲ್ಲಿ ಕೆಲವು ಇನ್ನೂ ನಿಂತಿವೆ. ಬೀದರಿನ ನೌಬಾದ್ ಹತ್ತಿರ ಇಂಥದೇ ಕರೇಜ್ ಇದೆ. ಅದನ್ನೂ ಜನ ಸುರಂಗ ಬಾವಿ ಎನ್ನುತ್ತಾರೆ. ವಿದ್ಯೆಯ ಹೆಸರು ಪಾರಸಿ, ಜನ ಕೊಟ್ಟ ಹೆಸರು ಗ್ರೀಕ್, ಅದಕ್ಕೆ ಅಂಟಿಕೊಂಡ ಬಾವಿ ಸಂಸ್ಕೃತದ ‘ವಾಪಿ’ಯ ತದ್ಭವ. ಅಗೆದ ಕೈಗಳಲ್ಲಿ ಎಷ್ಟೋ ಕೈ ಈ ನೆಲದವೇ ಇದ್ದಿರಬೇಕು.

ಇಷ್ಟರಲ್ಲಿ ನಮ್ಮ ಕೆರೆ ಎಲ್ಲಿ? ಎಲ್ಲಿಯೂ ಇಲ್ಲ. ಹಳಗನ್ನಡದಲ್ಲಿ, ಶಾಸನಗಳಲ್ಲಿ ಅದು ‘ಕೆಱೆ’, ಶಕಟ ರೇಫದ್ದು. ತಮಿಳಿನ ‘ಚಿಱೈ’, ತೆಲುಗಿನ ‘ಚೆಱುವು’ ಅದರ ಒಡಹುಟ್ಟು. ಇಕಾರ, ಎಕಾರಗಳಿಗೆ ಮುಂಚೆ ಇರುವ ಕನ್ನಡದ ಮೊದಲ ಕಕಾರಕ್ಕೆ ತಮಿಳಿನಲ್ಲೂ ತೆಲುಗಿನಲ್ಲೂ ಚಕಾರ ಬರುವುದು ಒಂದು ನಿಯಮ: ಕೆವಿಗೆ ಚೆವಿ, ಕೆಯ್ಗೆ ಚೇಯಿ ಇರುವ ಹಾಗೆ. ಪದಮೂಲ ಶಾಸ್ತ್ರ ಎಂದರೆ ಇದು. ಒಂದು ಜೋಡಿ ಕಿವಿಗೆ ಹತ್ತಿರ ಕೇಳಿದರೆ ಸಾಲದು. ಅದೇ ಬದಲಾವಣೆ ಸಾಲುಸಾಲಾಗಿ ಬೇರೆ ಪದಗಳಲ್ಲೂ ಕಾಣಬೇಕು. ಕೆರೆಯ ಕೊನೆಗೆ ಜಕಾರ ಹುಟ್ಟಿಸುವ ಯಾವ ನಿಯಮವೂ ಇಲ್ಲ. ನಾನು ಅದನ್ನು ಚಂದಕ್ಕೆ ಹುಟ್ಟಿಸಿದ್ದೆ.

ನಿಯಮ ಗೊತ್ತಿದ್ದರೆ ಇನ್ನೊಂದು ಜಗಳವೂ ಸಣ್ಣದಾಗುತ್ತದೆ. 2014ರ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಆಗ ಎರಡು ಬಣದವರೂ ಒಂದು ಹೆಸರು ಹೋಗಿ ಇನ್ನೊಂದು ಬಂದಿತು ಎನ್ನುವಂತೆ ಮಾತಾಡಿದರು. ಒಬ್ಬರು ಹೆಮ್ಮೆಯಿಂದ, ಇನ್ನೊಬ್ಬರು ನೋವಿನಿಂದ. ಆದರೆ ವಕಾರ ಬಕಾರವಾಗುವುದು ಕನ್ನಡದ ಬಹಳ ಹಳೆಯ ಅಭ್ಯಾಸ. ವಾಪಿ ಬಾವಿಯಾದದ್ದು ಹಾಗೆಯೇ. ವಿಜಯಪುರ ಜನರ ನಾಲಿಗೆಯ ಮೇಲೆ ಸವೆದು ಬಿಜಾಪುರವಾಯಿತು. ಅವು ಎರಡು ಹೆಸರಲ್ಲ, ಒಂದೇ ಹೆಸರಿನ ಎರಡು ವಯಸ್ಸು. ಬೇರೆ ಬೇರೆ ಆಗಿರುವುದನ್ನು ಒಂದೆನ್ನುತ್ತೇವೆ, ಒಂದೇ ಆಗಿರುವುದನ್ನು ಎರಡೆನ್ನುತ್ತೇವೆ. ಎರಡೂ ಸಲ ನಮಗೆ ಆಗ ಬೇಕಾದದ್ದನ್ನೇ.

ಹಾಗಾದರೆ ಬೇರೆ ಬೇರೆ ಮೂಲದ ಪದಗಳು ಒಂದೇ ದನಿಯಲ್ಲಿ ಕೂಡುವುದನ್ನು ಬರೀ ಅಪಘಾತ ಎಂದು ಬದಿಗಿಡಬೇಕೆ? ಇಲ್ಲ. ಸಾಹಿತ್ಯ ಶುರುವಾಗುವುದೇ ಅಲ್ಲಿ. ಅದಕ್ಕೆ ಅತ್ಯುತ್ತಮ ಉದಾಹರಣೆ ಮತ್ತೆ ಅದೇ ತೊರವಿಯಲ್ಲಿದೆ.

ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಹಾದಿಯಲ್ಲಿ ತೊರವಿ ಸಿಗುತ್ತದೆ. ಕುಮಾರ ವಾಲ್ಮೀಕಿ ಅಲ್ಲಿನ ನರಸಿಂಹನ ಸನ್ನಿಧಿಯಲ್ಲಿ ಭಾಮಿನಿ ಷಟ್ಪದಿಯಲ್ಲಿ ತೊರವೆ ರಾಮಾಯಣ ಬರೆದ. ಸುಮಾರು ಒಂದು ಶತಮಾನದ ನಂತರ, 1599ರಲ್ಲಿ, ಎರಡನೆಯ ಇಬ್ರಾಹೀಂ ಆದಿಲ್‌ಶಾಹ ಅದೇ ತೊರವಿಯ ಬಳಿ ನವರಸಪುರ ಎಂಬ ಹೊಸ ನಗರ ಕಟ್ಟಿಸಲು ತೊಡಗಿದ. ಅವನು ದಖನಿಯಲ್ಲಿ ರಚಿಸಿದ ಹಾಡುಗಳ ಸಂಗ್ರಹದ ಹೆಸರು ಕಿತಾಬ್-ಎ-ನವರಸ್. ಅದಕ್ಕೆ ಪಾರಸಿಯಲ್ಲಿ ಮುನ್ನುಡಿ ಬರೆದವನು ಅವನ ಆಸ್ಥಾನದ ಕವಿ ಜುಹೂರಿ. ಹಾಡುಗಳಲ್ಲಿ ಸರಸ್ವತಿ, ಗಣಪತಿಯರ ಸ್ತುತಿ ಇದೆ. ಕಲಬುರಗಿಯ ಬಂದೇ ನವಾಜರ ಸ್ತುತಿಯೂ ಇದೆ. ಪ್ರತಿ ಹಾಡಿಗೂ ರಾಗದ ಹೆಸರಿದೆ. ನಜೀರ್ ಅಹ್ಮದ್ ಅವರು 1956ರಲ್ಲಿ ಸಂಪಾದಿಸಿದ ಆವೃತ್ತಿಯಿಂದ ಅದು ಹೊರಗಿನ ಓದುಗರಿಗೂ ಸಿಕ್ಕಿತು. ನಮ್ಮ ಊರಿನ ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಆದಿಲ್‌ಶಾಹಿ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತರುವ ದೊಡ್ಡ ಕೆಲಸ ಮಾಡಿದೆ.

‘ನವರಸ’ ಎಂಬುದನ್ನು ಕನ್ನಡಿಗರು ಓದಿದ ಕೂಡಲೇ ಶೃಂಗಾರ, ವೀರ, ಕರುಣ ಎಂದು ಎಣಿಸಲು ಶುರುಮಾಡುತ್ತೇವೆ. ಸರಿ, ಆ ಅರ್ಥ ಅಲ್ಲಿದೆ. ಆದರೆ ಪಾರಸಿ ಬಲ್ಲವರ ಕಿವಿಗೆ ಅದು ‘ನೌ-ರಸ್’: ಈಗಷ್ಟೇ ಬಂದದ್ದು, ಹೊಸದಾಗಿ ಹಣ್ಣಾದದ್ದು. ಅಲ್ಲಿನ ‘ರಸ್’ ತಲುಪು ಎಂಬ ಅರ್ಥದ ಧಾತು; ಸಂಸ್ಕೃತದ ‘ರಸ’ ದ್ರವ, ರುಚಿ. ಎರಡಕ್ಕೂ ನೆಂಟಸ್ತಿಕೆ ಇಲ್ಲ. ಮೊದಲರ್ಧ ಇನ್ನೂ ಸೊಗಸಾಗಿದೆ. ಪಾರಸಿಯ ‘ನೌ’ಗೂ ಸಂಸ್ಕೃತದಲ್ಲಿ ಹೊಸದು ಎಂಬರ್ಥದ ‘ನವ’ಕ್ಕೂ ನಿಜವಾಗಿ ರಕ್ತಸಂಬಂಧ ಇದೆ. ಆದರೆ ನವರಸದ ‘ನವ’ ಹೊಸದಲ್ಲ, ಒಂಬತ್ತು. ಅಂದರೆ ಇಬ್ರಾಹೀಂ ಹತ್ತಿರದ ಬಂಧುವನ್ನು ಪಕ್ಕಕ್ಕಿಟ್ಟು ಅವನ ತದ್ರೂಪಿಯನ್ನು ಕರೆತಂದು ಕೂಡಿಸಿದ್ದಾನೆ. ಹೊಸ ಹಣ್ಣು ಮತ್ತು ಒಂಬತ್ತು ರಸ. ಎರಡು ದೂರದ ಅರ್ಥಗಳು ಒಂದೇ ಉಸಿರಿನಲ್ಲಿ.

ನಮ್ಮ ಅಲಂಕಾರಶಾಸ್ತ್ರ ಇದಕ್ಕೆ ಶ್ಲೇಷ ಎನ್ನುತ್ತದೆ. ಪದವನ್ನು ಬೇರೆ ಬೇರೆ ಕಡೆ ಮುರಿದು ಎರಡು ಅರ್ಥ ತೆಗೆದರೆ ಸಭಂಗ, ಮುರಿಯದೆ ತೆಗೆದರೆ ಅಭಂಗ. ಎರಡನೆಯ ಅರ್ಥ ಬರೀ ಚಮತ್ಕಾರವಾಗದೆ ಮೊದಲಿನದರ ಹಿಂದೆ ದನಿಗೊಟ್ಟರೆ ಆನಂದವರ್ಧನ ಅದನ್ನು ಶಬ್ದಶಕ್ತಿಮೂಲ ಧ್ವನಿ ಎಂದ. ಇಬ್ರಾಹೀಮನದು ಒಂದು ಭಾಷೆಯೊಳಗಿನ ಶ್ಲೇಷವಲ್ಲ, ಎರಡು ಭಾಷೆಗಳ ನಡುವಿನದು. ಆಸ್ಥಾನದಲ್ಲಿ ಅರ್ಧ ಜನರಿಗೆ ಒಂದು ಅರ್ಥ ಮೊದಲು ಹೊಳೆಯುತ್ತಿತ್ತು, ಇನ್ನರ್ಧ ಜನರಿಗೆ ಇನ್ನೊಂದು. ಪಕ್ಕದವನನ್ನು ಕೇಳದೆ ಯಾರಿಗೂ ಇಡೀ ಪದ ಸಿಗುತ್ತಿರಲಿಲ್ಲ. ಆ ಪದದ ಸಾಹಿತ್ಯಿಕ ಕೆಲಸ ಇದೇ ಎಂದು ನನಗೆ ತೋರುತ್ತದೆ.

ಈ ಹೆಸರನ್ನು ನಮ್ಮ ವಿಮರ್ಶೆ ಹೇಗೆ ಓದಿದೆ? ಹೆಚ್ಚಿನ ಲೇಖನಗಳಲ್ಲಿ ಎರಡೇ ದಾರಿ. ಒಂದು: ಸುಲ್ತಾನ ಸಂಸ್ಕೃತದ ನವರಸವನ್ನು ಒಪ್ಪಿಕೊಂಡ, ಆದ್ದರಿಂದ ಅವನು ನಮ್ಮವನಾದ. ಇನ್ನೊಂದು: ಎಲ್ಲ ಬೆರೆತು ಒಂದಾಯಿತು, ಇದೇ ಸೌಹಾರ್ದ. ಮೊದಲನೆಯದು ಪಾರಸಿಯ ಅರ್ಥವನ್ನು ಅಳಿಸುತ್ತದೆ. ಎರಡನೆಯದು ಒಳ್ಳೆಯ ಮನಸ್ಸಿನಿಂದಲೇ ಎರಡೂ ಅರ್ಥಗಳ ಗಡಿಯನ್ನು ಅಳಿಸುತ್ತದೆ. ಆದರೆ ಶ್ಲೇಷದಲ್ಲಿ ಏನೂ ಬೆರೆಯುವುದಿಲ್ಲ. ಎರಡು ಅರ್ಥಗಳು ಬೇರೆಯಾಗಿ ಉಳಿದರೆ ಮಾತ್ರ ಶ್ಲೇಷ ಉಳಿಯುತ್ತದೆ. ‘ರಸ್’ ಮತ್ತು ‘ರಸ’ ಮೂಲದಲ್ಲಿ ಒಂದೇ ಎಂದು ನಾಳೆ ಯಾರಾದರೂ ಸಾಧಿಸಿದರೆ, ಆ ಹೆಸರಿನ ಅರ್ಧ ಬೆಡಗು ಅಲ್ಲಿಗೇ ಮುಗಿಯಿತು. 1624ರಲ್ಲಿ ಮಲಿಕ್ ಅಂಬರನ ಸೈನ್ಯ ನವರಸಪುರವನ್ನು ಹಾಳುಗೆಡವಿತು. ಕಲ್ಲು ಬಿದ್ದವು, ಹೆಸರಿನ ಒಳಗಿನ ಎರಡು ಕೋಣೆಗಳನ್ನು ಗೋಡೆ ಒಡೆದು ಒಂದು ಮಾಡುತ್ತಿರುವವರು ನಾವು.

ಕನ್ನಡದ ಒಳಗೂ ಇಂಥ ಕೂಡುವಿಕೆ ಹೆಜ್ಜೆಹೆಜ್ಜೆಗೂ ಇದೆ. ‘ಮಳಿ ಬರಲಿಲ್ಲ, ಬರ ಬಂತು’ ಎಂದು ನಮ್ಮ ಜಿಲ್ಲೆಯಲ್ಲಿ ಯಾರಾದರೂ ಅಂದಾರು. ಬರುವುದರ ‘ಬರ’ ಬೇರೆ, ಬರಗಾಲದ ‘ಬರ’ ಬೇರೆ. ಎರಡನೆಯದು ಹಳೆಯ ‘ಬಱ’. ತಮಿಳಿನಲ್ಲಿ ಇವತ್ತಿಗೂ ಬರುವುದಕ್ಕೆ ಒಂದು ರೇಫ, ಬರಗಾಲಕ್ಕೆ ಇನ್ನೊಂದು. ‘ಹರಿ’ಯನ್ನು ನೋಡಿ: ನೀರು ಹರಿಯುವುದು ಹಳೆಯ ‘ಪರಿ’, ಬಟ್ಟೆ ಹರಿಯುವುದು ‘ಪಱಿ’, ದೇವರು ಹರಿ ಸಂಸ್ಕೃತ. ಮೂರು ಮೂಲದ ಮೂರು ಪದಗಳು ಒಂದೇ ಹೊಸ್ತಿಲಿಗೆ ಬಂದು ನಿಂತಿವೆ. ಹಳಗನ್ನಡದ ಱಕಾರ, ೞಕಾರಗಳು ಹೋದಾಗ ಹೀಗೆ ಎಷ್ಟೋ ಪದಗಳು ಒಂದರ ಮೇಲೊಂದು ಕುಸಿದವು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞಕಾರದ ಪದಗಳ ಪಟ್ಟಿಯನ್ನೇ ಕೊಟ್ಟ. ನಾಲಿಗೆಯಿಂದ ಜಾರುತ್ತಿರುವುದನ್ನು ಕಾಗದದಲ್ಲಾದರೂ ಹಿಡಿದಿಡುವ ಕೆಲಸವಾಗಿ ಅದು ನನಗೆ ಕಾಣುತ್ತದೆ.

ಕನ್ನಡದಲ್ಲಿ ಪದ ಹಿಡಿದು ಸಂಸ್ಕೃತಿಯ ಬಾವಿಗೆ ಇಳಿದವರಲ್ಲಿ ಶಂ.ಬಾ. ಜೋಶಿಯವರು ದೊಡ್ಡವರು. ಊರಹೆಸರು, ಕುಲದ ಹೆಸರುಗಳ ಮೂಲಕ ಕನ್ನಡಿಗರ ಹಳೆಯ ನೆಲೆಗಳನ್ನು ಗೋದಾವರಿಯ ಆಚೆಗೂ ಹುಡುಕಿದರು. ಅವರ ಎಷ್ಟೋ ವ್ಯುತ್ಪತ್ತಿಗಳು ನಿಲ್ಲುವುದಿಲ್ಲ ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಆದರೂ ಅವರು ಎತ್ತಿದ ಪ್ರಶ್ನೆಗಳು ನಿಲ್ಲುತ್ತವೆ. ಬೇಂದ್ರೆಯವರು ಇನ್ನೊಂದು ಬಗೆ. ಅವರು ಪದವನ್ನು ಒಡೆದು, ತಿರುಗಿಸಿ, ಪಕ್ಕದ ದನಿಗೆ ತಾಗಿಸಿ, ಇಲ್ಲದ ನೆಂಟಸ್ತಿಕೆ ಕಟ್ಟುತ್ತಿದ್ದರು. ಕವಿಗೆ ಅದು ಸಲ್ಲುತ್ತದೆ, ಯಾಕೆಂದರೆ ಕವಿ ಹೇಳುವುದು ‘ಇವು ಇಲ್ಲಿ ಕೂಡಿದವು’ ಎಂದು. ವಿಮರ್ಶಕ ಅದೇ ಆಟವನ್ನು ಆಡಿ ‘ಇವು ಹುಟ್ಟಿನಿಂದಲೇ ಒಂದು’ ಎಂದರೆ ಅದು ಸಾಕ್ಷಿ ಹೇಳಿದಂತೆ. ಸಾಕ್ಷಿಗೆ ಪುರಾವೆ ಬೇಕು. ಬೇಂದ್ರೆಯವರ ಕಿವಿಯಿಲ್ಲದೆ ಅವರ ಪದ್ಧತಿಯನ್ನೂ, ಶಂಬಾ ಅವರ ಓದಿಲ್ಲದೆ ಅವರ ಧೈರ್ಯವನ್ನೂ ಎರವಲು ತಂದ ನಮ್ಮಂಥವರಿಂದ ಸ್ಮರಣ ಸಂಚಿಕೆಗಳು ತುಂಬಿವೆ.

ಇಲ್ಲಿ ಒಂದು ಎದುರುಮಾತು ಏಳುತ್ತದೆ. ಪದದ ಮೂಲದಿಂದ ಒಡೆತನ ಸಿಗುವುದಿಲ್ಲ ಎನ್ನುವುದಾದರೆ, ಮೂಲ ತಪ್ಪಾದರೆ ತಾನೇ ಏನು? ತಿದ್ದುವ ಹಟ ಯಾಕೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಉದಾಹರಣೆಯಿಂದ ನನಗೆ ಉತ್ತರ ಸಿಕ್ಕಿತು. ಅಲ್ಲಿನ ಗುಡ್ಡಗಳ ಮುರಕಲ್ಲಿನಲ್ಲಿ ಒಬ್ಬ ಮನುಷ್ಯ ಹೊಕ್ಕು ಅಗೆಯುವಷ್ಟು ಸಣ್ಣ ಅಡ್ಡಬಿಲಗಳನ್ನು ಕೊರೆದು ನೀರು ತೆಗೆಯುತ್ತಾರೆ. ಅದಕ್ಕೂ ಹೆಸರು ಸುರಂಗ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಅಗೆದು, ಹಲವು ಸಲ ನೀರು ಸಿಗದೆ ಸೋತು, ಮತ್ತೆ ಅಗೆದು ಬೋಳುಗುಡ್ಡದಲ್ಲಿ ತೋಟ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು. ಅಲ್ಲಿನ ಸುರಂಗಕ್ಕೂ ಪಾರಸಿಯ ಕರೇಜಿಗೂ ಸಂಬಂಧ ಇದೆಯೇ, ಇಲ್ಲ ಅದು ಅಲ್ಲಿಯೇ ಹುಟ್ಟಿದ ವಿದ್ಯೆಯೇ ಎಂದು ಸಂಶೋಧಕರು ಚರ್ಚಿಸುತ್ತಾರೆ. ಆ ಚರ್ಚೆ ನಡೆಯಬೇಕಾದರೆ ‘ಸುರಂಗ’ ಎಂಬ ಹೆಸರು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಸರಿಯಾಗಿ ಗೊತ್ತಿರಬೇಕು. ಹೆಸರು ಗ್ರೀಕ್ ಎಂದ ಮಾತ್ರಕ್ಕೆ ಅಡ್ಯನಡ್ಕದ ವಿದ್ಯೆ ಗ್ರೀಕರದಾಗುವುದಿಲ್ಲ. ಅದು ಎಷ್ಟು ಹಾಸ್ಯಾಸ್ಪದವೋ, ‘ಸು-ರಂಗ’ ಎಂದು ಮುರಿದು ವಿಜಯಪುರದ ಕಾಲುವೆಯಿಂದ ಪಾರಸಿ ಬಲ್ಲವರನ್ನು ಹೊರಗಿಡುವುದೂ ಅಷ್ಟೇ ಹಾಸ್ಯಾಸ್ಪದ. ಮೊದಲನೆಯದನ್ನು ಕೇಳಿದರೆ ನಗುತ್ತೇವೆ, ಎರಡನೆಯದಕ್ಕೆ ಚಪ್ಪಾಳೆ ಹೊಡೆಯುತ್ತೇವೆ. ತಿದ್ದಬೇಕಾದದ್ದು ಈ ವ್ಯತ್ಯಾಸವನ್ನು. ತಪ್ಪು ಮೂಲ ಸುಮ್ಮನೆ ಇರುವುದಿಲ್ಲ, ಯಾರದೋ ಹೆಸರನ್ನು ಕಾಗದದಿಂದ ತೆಗೆಯುತ್ತದೆ.

ತಿಕೋಟಾದಲ್ಲಿ ಮಾವನಿಗೆ ಇದನ್ನೆಲ್ಲ ಹೇಳಿದೆ: ಕೊಳಲು, ಜೊಂಡಾದ ಹುಡುಗಿ, ಸಿರಿಂಜ್. ಪೂರಾ ಕೇಳಿದರು. “ಹಂಗಾರ ನಾ ಹಾರಿಸಿದ್ದು ಕೊಳಲೇನಪಾ?” ಎಂದು ನಕ್ಕರು. ಆಮೇಲೆ ಬಾವಿಯೊಳಗೆ ಕೈ ತೋರಿಸಿದರು. ಗೋಡೆಯ ಬುಡದಲ್ಲಿ ಅಡ್ಡ ಬೋರಿನ ನಾಲ್ಕು ತೂತುಗಳು. ಮದ್ದು ಹಾರಿಸಿ ಹಾರಿಸಿ ತಳ ಕಂಡ ಮೇಲೆ ನೀರಿಗಾಗಿ ಪಕ್ಕಕ್ಕೆ ಕೊರೆಸಿದ್ದು. ಈಗ ಏತ ನೀರಾವರಿಯಲ್ಲಿ ಕೃಷ್ಣೆಯ ನೀರು ಈ ಕಡೆ ಬಂದ ಮೇಲೆ ಬಾವಿಯ ನೀರು ಏರಿದೆ. ಕೆಳಗಿನ ಎರಡು ತೂತು ಮುಳುಗಿವೆ. “ಇವಕ್ಕ ಏನಂತೀರಿ ಮಾಮಾ?” ಅಂದೆ. “ಅಡ್ಡ ಬೋರ. ಮತ್ತೇನ ಅನ್ನೂದು?” ಅಂದರು. ಗ್ರೀಕರ ಕಣ್ಣಿಗೆ ಬಿದ್ದಿದ್ದರೆ ಅವು ಸೂರಿಂಕ್ಸ್. ಬೀದರಿನಲ್ಲಾಗಿದ್ದರೆ ಕರೇಜ್. ಅಡ್ಯನಡ್ಕದಲ್ಲಾಗಿದ್ದರೆ ಸುರಂಗ. ಇಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷು. ತೂತು ಅದೇ, ನೀರು ಅದೇ.

ಆ ತರುಣ ಅಧ್ಯಾಪಕರಿಗೆ ಫೋನ್ ಮಾಡಿದೆ. ನಾನು ಅಲ್ಲಿಯೇ ಕೂತಿದ್ದೆ ಎಂದು ತಿಳಿದು ಸಂಕೋಚಪಟ್ಟುಕೊಂಡರು. ಸಂಕೋಚ ನನ್ನದಾಗಬೇಕು ಎಂದು ಹೇಳಿ, ನನ್ನ ಲೇಖನ ಎಲ್ಲೆಲ್ಲಿ ತಪ್ಪು ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹಂಗಾದ್ರ ಸರ್, ಕಾಲುವೆ ಯಾರದ್ರಿ?”

ನನ್ನ ಬಳಿ ಒಂದು ಸಾಲಿನ ಉತ್ತರ ಇರಲಿಲ್ಲ. ಹದಿನೆಂಟು ವರ್ಷಗಳ ಹಿಂದೆ ಇದ್ದಿದ್ದೇ ತಪ್ಪಾಗಿತ್ತು. ವಿದ್ಯೆ ದೂರದಿಂದ ಬಂದದ್ದು, ಕಟ್ಟಿಸಿದವರು ಇಲ್ಲಿ ಆಳಿದವರು, ಅಗೆದವರ ಹೆಸರು ಎಲ್ಲೂ ಬರೆದಿಲ್ಲ, ಇಷ್ಟನ್ನೂ ಒಟ್ಟಿಗೇ ಹೇಳಬೇಕಾಗುತ್ತದೆ ಎಂದೆ. “ಭಾಷಣದಾಗ ಅಷ್ಟೆಲ್ಲಾ ಹೇಳಾಕ ಟೈಮ ಕೊಡೂದಿಲ್ರಿ” ಎಂದರು. ಅದೂ ನಿಜವೇ. ಬರೆದು ಕಳಿಸುತ್ತೇನೆ ಎಂದೆ. ಬರೆದದ್ದು ಇದು. ಮುಂದಿನ ನವೆಂಬರಿನಲ್ಲಿ ಅವರು ಇದರಲ್ಲಿ ಏನನ್ನು ಹೇಳುತ್ತಾರೋ ಕೇಳಲು ಅದೇ ನಾಲ್ಕನೆಯ ಸಾಲಿನಲ್ಲಿ ಕೂಡುವ ಆಸೆಯಿದೆ.